ಎಲ್ಲರಿಗೂ ಒಂದೇ ಗ್ಲೈಡರ್: ಎರಡು ಆಯ್ಕೆ, ಒಂದು ಅಚ್ಚರಿ

(ವಿಮಾನ ವಿನ್ಯಾಸ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳ ಬದಲಿಗೆ ಅಲ್ಲಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಸ್ಪರ್ಧೆಗೆ ಇಳಿದವರೆಲ್ಲ ಒಂದೇ ಮಾದರಿಯ ಗ್ಲೈಡರ್ ಹಾರಿಸಬೇಕು ಅನ್ನುವ ಪ್ರಯತ್ನ ಜಾಗತಿಕ ಮಟ್ಟದಲ್ಲಿ ಎರಡು ಸಲ ಗಂಭೀರವಾಗಿ ನಡೆದಿದೆ. ಮೊದಲ ಸಲ ಗ್ಲೈಡರ್ ಆರಿಸಿ ಮುಗಿದಿತ್ತು, ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂದು ಸ್ಪರ್ಧೆಯೇ ನಡೆಯಲಿಲ್ಲ. ಎರಡನೇ ಸಲ ಗ್ಲೈಡರ್ ಆರಿಸಿದರು, ವಿಶ್ವ ಚಾಂಪಿಯನ್‌ಷಿಪ್‌ಗಳೂ ನಡೆದವು, ಕೊಳ್ಳುವವರು ಮಾತ್ರ ಸಾಲದೆ ಹೋದರು. ಇವೆರಡರ ನಡುವೆ ಅಮೆರಿಕದಲ್ಲಿ, ಯಾವ ಅಂತರರಾಷ್ಟ್ರೀಯ ಸಮಿತಿಯೂ ಆರಿಸದ ಒಂದು ಪುಟ್ಟ ಲೋಹದ ಗ್ಲೈಡರ್ ತನ್ನ ಪಾಡಿಗೆ ತಾನು ಈ ಕೆಲಸ ಮಾಡಿ ತೋರಿಸಿತು. ಇವತ್ತು ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಇಂಥ ಕ್ಲಾಸಿಗೆ, ಅಂದರೆ ಸ್ಪರ್ಧೆಯ ವರ್ಗಕ್ಕೆ, ಗ್ಲೈಡರ್ ಆರಿಸುವಾಗ ಎಲ್ಲರೂ ಅದರ ಹಾರಾಟದ ಅಂಕಿಗಳನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ಒಂದೇ ಮೈದಾನದಲ್ಲಿ ಆ ಮಾದರಿಯ ಹತ್ತು ಗ್ಲೈಡರ್ ಸೇರುತ್ತವೆಯೇ ಅನ್ನುವ ಪ್ರಶ್ನೆಯನ್ನು ಕೊನೆಗೆ ಕೇಳುತ್ತಾರೆ, ಇಲ್ಲವೇ ಕೇಳುವುದೇ ಇಲ್ಲ. ನನ್ನ ತಕರಾರು ಅಲ್ಲಿದೆ.

ನಿಮ್ಮಲ್ಲಿ ಎಷ್ಟೋ ಜನ ಗ್ಲೈಡರ್ ಸ್ಪರ್ಧೆ ನೋಡಿರಲಿಕ್ಕಿಲ್ಲ. ಎಂಜಿನ್ ಇಲ್ಲದ ವಿಮಾನವನ್ನು ಇನ್ನೊಂದು ವಿಮಾನ ಅಥವಾ ವಿಂಚ್ (ನೆಲದ ಮೇಲೆ ಹಗ್ಗ ಸುತ್ತುವ ಯಂತ್ರ) ಮೇಲಕ್ಕೆ ಎಳೆದು ಬಿಡುತ್ತದೆ. ಅಲ್ಲಿಂದ ಪೈಲಟ್ ಥರ್ಮಲ್ ಹುಡುಕಬೇಕು. ನೆಲ ಕಾದು ಮೇಲೇರುವ ಗಾಳಿಯ ಕಂಬದೊಳಗೆ ಸುತ್ತು ಹಾಕಿ ಎತ್ತರ ಗಳಿಸಬೇಕು, ಆ ಎತ್ತರವನ್ನು ಖರ್ಚು ಮಾಡುತ್ತಾ ಮುಂದಿನ ಥರ್ಮಲ್‌ವರೆಗೆ ಜಾರಬೇಕು. ಹೀಗೆ 200, 300, ಒಳ್ಳೆಯ ದಿನವಾದರೆ 500 ಕಿ.ಮೀ. ಸುತ್ತು ಮುಗಿಸಿ ಬರಬೇಕು. ಗ್ಲೈಡ್ ರೇಶಿಯೋ 33 ಅಂದರೆ ನಿಶ್ಚಲ ಗಾಳಿಯಲ್ಲಿ ಒಂದು ಕಿ.ಮೀ. ಎತ್ತರ ಕಳೆದುಕೊಳ್ಳುವಷ್ಟರಲ್ಲಿ 33 ಕಿ.ಮೀ. ಸಾಗುತ್ತದೆ ಎಂದರ್ಥ.

ಈ ಅಂಕಿಯನ್ನು ದುಡ್ಡು ಕೊಟ್ಟು ಹೆಚ್ಚಿಸಿಕೊಳ್ಳಬಹುದು. ರೆಕ್ಕೆ ಉದ್ದವಾದಷ್ಟೂ ಇಂಡ್ಯೂಸ್ಡ್ ಡ್ರ್ಯಾಗ್ (ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವಾಗ ಜತೆಗೇ ಹುಟ್ಟುವ ಹಿನ್ನೆಳೆತ) ಇಳಿಯುತ್ತದೆ ಅನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. 2000ದಲ್ಲಿ ಹಾರಿದ ಈಟಾ ಎಂಬ ಜರ್ಮನ್ ಗ್ಲೈಡರ್‌ನ ರೆಕ್ಕೆಯಗಲ 30.9 ಮೀಟರ್, ಗ್ಲೈಡ್ ರೇಶಿಯೋ 70ರ ಆಸುಪಾಸು. ಅಂಥದ್ದರ ಪಕ್ಕದಲ್ಲಿ ಮರದ ಗ್ಲೈಡರ್ ಹಾರಿಸುವವನು ಎಷ್ಟೇ ಚಾಣಾಕ್ಷನಾದರೂ ಸೋಲುತ್ತಾನೆ. ಗೆದ್ದದ್ದು ಪೈಲಟ್ಟೋ ಅವನ ಬ್ಯಾಂಕ್ ಖಾತೆಯೋ ಎಂಬ ಈ ಗೊಣಗಾಟ ಗ್ಲೈಡಿಂಗ್ ಹುಟ್ಟಿದಾಗಿನಿಂದಲೂ ಇದೆ. ಹಾಯಿದೋಣಿಯವರು ಇದಕ್ಕೆ ಮೊದಲೇ ಉತ್ತರ ಕಂಡುಕೊಂಡಿದ್ದರು: ಎಲ್ಲರಿಗೂ ಒಂದೇ ನಕ್ಷೆಯ ದೋಣಿ. ಗ್ಲೈಡಿಂಗ್ ಆ ಉಪಾಯವನ್ನು ಅವರಿಂದ ಎರವಲು ತಂದಿತು.

ಮೊದಲ ಪ್ರಯತ್ನದ ಬೇರು 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿದೆ. ಅಲ್ಲಿ ಗ್ಲೈಡಿಂಗ್ ಪ್ರದರ್ಶನ ಕ್ರೀಡೆಯಾಗಿತ್ತು, ಪದಕ ಇರಲಿಲ್ಲ. ಆ ದಿನಗಳಲ್ಲೇ ಆಸ್ಟ್ರಿಯಾದ ಒಬ್ಬ ಪೈಲಟ್ ಅಪಘಾತದಲ್ಲಿ ಸತ್ತರು. ಆದರೂ ಉತ್ಸಾಹ ಕುಗ್ಗಲಿಲ್ಲ. 1938ರಲ್ಲಿ ಕೈರೋದಲ್ಲಿ ಸೇರಿದ ಒಲಿಂಪಿಕ್ ಸಮಿತಿ 1940ರ ಕ್ರೀಡಾಕೂಟಕ್ಕೆ ಗ್ಲೈಡಿಂಗ್ ಸೇರಿಸಲು ಒಪ್ಪಿತು. ಟೋಕಿಯೋದಲ್ಲಿ ನಡೆಯಬೇಕಿದ್ದ ಆ ಕೂಟ ಆ ವರ್ಷವೇ ಹೆಲ್ಸಿಂಕಿಗೆ ಹೋಯಿತು. ಒಲಿಂಪಿಕ್ಸ್ ಅಂದ ಮೇಲೆ ದೇಶದ ಶ್ರೀಮಂತಿಕೆ ಪದಕ ತರಬಾರದು, ಎಲ್ಲರ ಕೈಯಲ್ಲೂ ಒಂದೇ ಗ್ಲೈಡರ್ ಇರಬೇಕು. ಗ್ಲೈಡಿಂಗ್‌ನ ಅಂತರರಾಷ್ಟ್ರೀಯ ಅಧ್ಯಯನ ಆಯೋಗ ನಿಯಮ ಬರೆಯಿತು.

ಆ ನಿಯಮಗಳು ನನಗೆ ಇವತ್ತಿಗೂ ಇಷ್ಟ. ರೆಕ್ಕೆಯಗಲ 15 ಮೀಟರ್. ಖಾಲಿ ತೂಕ 160 ಕೆ.ಜಿ. ಆಸುಪಾಸು, ಪೈಲಟ್ ಮತ್ತು ಸಾಮಾನು ಸೇರಿ 95 ಕೆ.ಜಿ. ಹೊರಬೇಕು. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಬಾಗಿಸಬಹುದಾದ ಪಟ್ಟಿ) ಬೇಡ, ಮಡಚುವ ಚಕ್ರ ಬೇಡ. ಏರ್‌ಬ್ರೇಕ್ ಮಾತ್ರ ಬೇಕೇ ಬೇಕು, ಅದೂ ಎಂಥದ್ದು ಅಂದರೆ ಮೂಗು ನೆಲಕ್ಕಿಟ್ಟು ಬಿದ್ದರೂ ವೇಗ ಗಂಟೆಗೆ 200 ಕಿ.ಮೀ. ದಾಟದಂತೆ ತಡೆಯುವಂಥದ್ದು. ಮೋಡದೊಳಗೆ ಹಾರುವುದು ಆಗ ಸಾಮಾನ್ಯವಾಗಿತ್ತು, ಒಳಗೆ ದಿಕ್ಕು ತಪ್ಪಿದರೆ ರೆಕ್ಕೆ ಕಿತ್ತುಹೋಗುವ ವೇಗಕ್ಕೆ ಏರಿಬಿಡುವ ಅಪಾಯವಿತ್ತು. ಇನ್ನೊಂದು ಷರತ್ತು ತಯಾರಿಕೆಯದು. ಯಾವ ದೇಶದ ಬಡಗಿಯಾದರೂ ಸಿಗುವ ಮರ, ಪ್ಲೈವುಡ್, ಬಟ್ಟೆ ಬಳಸಿ ಕಟ್ಟುವಂತಿರಬೇಕು. ಗ್ಲೈಡ್ ರೇಶಿಯೋ ಇಷ್ಟೇ ಇರಬೇಕೆಂಬ ಹಟ ಈ ನಿಯಮಗಳಲ್ಲಿ ಮುಖ್ಯವಲ್ಲ. ಗಾತ್ರ, ತೂಕ, ಸುರಕ್ಷತೆ, ಕಟ್ಟುವ ವಿಧಾನ, ಇವನ್ನು ಹೇಳಿ ಮಿಕ್ಕಿದ್ದನ್ನು ವಿನ್ಯಾಸಕಾರನಿಗೆ ಬಿಟ್ಟಿದ್ದರು.

1939ರ ಫೆಬ್ರವರಿಯಲ್ಲಿ ರೋಮ್‌ನ ದಕ್ಷಿಣಕ್ಕಿರುವ ಸೆಟ್ಸೆಯ ವಿಮಾನ ಮೈದಾನದಲ್ಲಿ ಪರೀಕ್ಷೆ ನಡೆಯಿತು. ಬೇರೆಬೇರೆ ದೇಶಗಳ ಪೈಲಟ್‌ಗಳು ಹಾರಿಸಿ ನೋಡಿದರು. ಜರ್ಮನಿಯ ಹನ್ಸ್ ಯಾಕೋಬ್ಸ್ ರೂಪಿಸಿದ ಮೈಜೆ ಗೆದ್ದಿತು. ಗೆದ್ದ ಮೇಲೆ ಅದಕ್ಕೆ ಒಲಿಂಪಿಯಾ ಎಂಬ ಹೆಸರೂ ಸೇರಿತು. ರೆಕ್ಕೆಯ ವಿಸ್ತೀರ್ಣ 15 ಚದರ ಮೀಟರ್, ಗ್ಲೈಡ್ ರೇಶಿಯೋ ಸುಮಾರು 25. ಅದೇ ಯಾಕೋಬ್ಸ್ ಅವರದೇ 18 ಮೀಟರ್‌ನ ವೈಯೆ ಇದಕ್ಕಿಂತ ಚೆನ್ನಾಗಿ ಜಾರುತ್ತಿತ್ತು. ಯುದ್ಧದ ನಂತರ 1948 ಮತ್ತು 1950ರ ವಿಶ್ವ ಚಾಂಪಿಯನ್‌ಷಿಪ್‌ಗಳನ್ನು ಸ್ವೀಡನ್ನಿನವರು ಗೆದ್ದದ್ದು ವೈಯೆಯಲ್ಲಿ. ಅಂದರೆ ಒಳ್ಳೆಯದನ್ನು ಮಾಡಲು ಬರುತ್ತಿದ್ದ ಮನುಷ್ಯ, ಬೇಕೆಂದೇ ಸಾಧಾರಣವಾದದ್ದನ್ನು ಮಾಡಿಕೊಟ್ಟ.

ಸೆಟ್ಸೆಯಲ್ಲಿ ಸೋತದ್ದರಲ್ಲಿ ಪೋಲೆಂಡಿನ ಓರ್ಲಿಕ್ ಒಂದು. ಅದನ್ನು ರೂಪಿಸಿದ ಆಂಟೊನಿ ಕೊತ್ಸ್ಯಾನ್ ವಾರ್ಸಾ ಪಾಲಿಟೆಕ್ನಿಕ್‌ನಲ್ಲಿ ಓದಿದವರು. ಯುದ್ಧದಲ್ಲಿ ಆಶ್‌ವಿಟ್ಸ್ ಶಿಬಿರಕ್ಕೆ ಹೋಗಿ ಬಿಡುಗಡೆಯಾಗಿ ಬಂದ ಮೇಲೂ ಸುಮ್ಮನಿರದೆ, ಪೋಲೆಂಡಿನ ಭೂಗತ ಸೇನೆಗಾಗಿ ಜರ್ಮನ್ ರಾಕೆಟ್‌ಗಳ ಗುಟ್ಟು ಸಂಗ್ರಹಿಸಿದರು. ಮತ್ತೆ ಸಿಕ್ಕಿಬಿದ್ದು 1944ರ ಆಗಸ್ಟ್‌ನಲ್ಲಿ ವಾರ್ಸಾದಲ್ಲಿ ಗುಂಡಿಗೆ ಬಲಿಯಾದರು. ವಾರ್ಸಾ ಪಾಲಿಟೆಕ್ನಿಕ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು, ಒಲಿಂಪಿಕ್ಸ್ ರದ್ದಾಯಿತು. ಇಲ್ಲಿಗೆ ಒಲಿಂಪಿಯಾದ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಯುದ್ಧದ ನಂತರ ಇಂಗ್ಲೆಂಡಿನ ನ್ಯೂಬರಿಯಲ್ಲಿ ಎಲಿಯಟ್ಸ್ ಎಂಬ ಮರಗೆಲಸದ ಕಂಪನಿ, ಕೈಯಲ್ಲಿದ್ದ ಬಡಗಿಗಳಿಗೆ ಕೆಲಸ ಬೇಕಾಗಿ, ಇದರ ಬ್ರಿಟಿಷ್ ರೂಪವನ್ನು ತಯಾರಿಸಿತು. 150ರಷ್ಟು ಗ್ಲೈಡರ್‌ಗಳು ಅಲ್ಲಿಂದ ಹೊರಬಂದವು. ಫ್ರಾನ್ಸ್‌ನಲ್ಲಿ ನಾರ್ 2000 ಎಂಬ ಹೆಸರಿನಲ್ಲಿ ಸುಮಾರು ನೂರು. ಸ್ಪರ್ಧೆಗೆಂದು ಆರಿಸಿದ ಗ್ಲೈಡರ್ ಸ್ಪರ್ಧೆಯೇ ಇಲ್ಲದೆ ಕ್ಲಬ್ಬುಗಳ ಗ್ಲೈಡರ್ ಆಯಿತು. ನಕ್ಷೆ ಚೊಕ್ಕವಾಗಿತ್ತು, ಮರ ಸಿಗುತ್ತಿತ್ತು, ಹೊಸಬ ಹಾರಿಸಿದರೂ ಕೈಕೊಡುತ್ತಿರಲಿಲ್ಲ. ನನ್ನ ಮಟ್ಟಿಗೆ ಅದು ಸೆಟ್ಸೆಯ ತೀರ್ಪುಗಾರರಿಗೆ ಸಿಕ್ಕ ಬಹುಮಾನ, ಅವರು ನೋಡಿದ್ದು ಬೇರೆಯದೇ ಗುರಿಯನ್ನಾದರೂ.

ಮಧ್ಯದಲ್ಲಿ ಇನ್ನೊಂದು ದಾರಿಯನ್ನೂ ಹಿಡಿದರು, ಅದನ್ನು ಬೇಗ ಹೇಳಿಬಿಡುತ್ತೇನೆ. ಒಂದೇ ಗ್ಲೈಡರ್ ಬೇಡ, ಒಂದೇ ನಿಯಮ ಸಾಕು ಅನ್ನುವ ದಾರಿ. ಅದೇ ಸ್ಟ್ಯಾಂಡರ್ಡ್ ಕ್ಲಾಸ್: 15 ಮೀಟರ್ ರೆಕ್ಕೆ, ಫ್ಲ್ಯಾಪ್ ಇಲ್ಲ, ಚಕ್ರ ಮಡಚುವಂತಿಲ್ಲ. 1958ರಲ್ಲಿ ಪೋಲೆಂಡಿನ ಲೆಶ್ನೊದಲ್ಲಿ ಇದರ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಆ ವರ್ಷ ಅತ್ಯುತ್ತಮ ಸ್ಟ್ಯಾಂಡರ್ಡ್ ಗ್ಲೈಡರ್‌ನ ಬಹುಮಾನ ಪಡೆದದ್ದು ರುಡಾಲ್ಫ್ ಕೈಸರ್ ಅವರ ಮರದ ಕಾ-6. ಉದ್ದೇಶ ಅಗ್ಗದ ಗ್ಲೈಡರ್ ಆಗಿತ್ತು. ಆಮೇಲೆ ಫೈಬರ್‌ಗ್ಲಾಸ್ ಬಂತು, ಚಕ್ರ ಮಡಚಬಹುದು ಅಂದರು, ರೆಕ್ಕೆಯಲ್ಲಿ ನೀರು ತುಂಬಿ ತೂಕ ಹೆಚ್ಚಿಸಬಹುದು ಅಂದರು. ಒಂದೊಂದೇ ಸಡಿಲಿಕೆ, ಪ್ರತಿಯೊಂದಕ್ಕೂ ಒಂದು ನ್ಯಾಯವಾದ ಕಾರಣ. ಕೊನೆಗೆ ಸ್ಟ್ಯಾಂಡರ್ಡ್ ಎಂಬ ಹೆಸರು ಉಳಿಯಿತು, ಅಗ್ಗ ಎಂಬುದು ಹೋಯಿತು.

ನಮ್ಮ ದೇಶಕ್ಕೂ ಈ 15 ಮೀಟರ್‌ನ ಅಲೆ ಬಂದಿತ್ತು. ದೆಹಲಿಯಲ್ಲಿ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರ 1960ರ ದಶಕದಲ್ಲಿ ಕಾರ್ತಿಕ್ ಎಂಬ ಒಂಟಿ ಸೀಟಿನ ಮರದ ಗ್ಲೈಡರ್ ಮಾಡಿತು. ಅದೇ ಕೇಂದ್ರದ ಉಳಿದ ಗ್ಲೈಡರ್‌ಗಳ ಹೆಸರು ಕೇಳಿ: ಅಶ್ವಿನಿ, ಭರಣಿ, ರೋಹಿಣಿ, ಮೃಗಶಿರ. ಪಂಚಾಂಗದ ಮೊದಲ ಐದು ನಕ್ಷತ್ರಗಳೂ ಗ್ಲೈಡರ್ ಆಗಿ ಹಾರಿವೆ. ಆರನೆಯದಾದ ಆರಿದ್ರಾಗೂ ಆಮೇಲೆ ಸರದಿ ಬಂತು!

ಈಗ ದೊಡ್ಡ ಪ್ರಯೋಗಕ್ಕೆ ಬರೋಣ. 1980ರ ದಶಕದ ಕೊನೆಗೆ ಸ್ಪರ್ಧೆಯ ಗ್ಲೈಡರ್‌ಗಳ ಬೆಲೆ ಮಧ್ಯಮ ವರ್ಗದವರ ಕೈಗೆ ಎಟುಕದಷ್ಟು ಏರಿತ್ತು. ಅಂತರರಾಷ್ಟ್ರೀಯ ವಿಮಾನಯಾನ ಒಕ್ಕೂಟದ, ಅಂದರೆ ಎಫ್‌ಎಐನ ಗ್ಲೈಡಿಂಗ್ ಆಯೋಗ 1989ರಲ್ಲಿ ವರ್ಲ್ಡ್ ಕ್ಲಾಸ್ ಎಂಬ ಹೊಸ ವರ್ಗಕ್ಕಾಗಿ ವಿನ್ಯಾಸ ಸ್ಪರ್ಧೆ ಸಾರಿತು. ಅಗ್ಗ, ಸರಳ, ಸುರಕ್ಷಿತ, ಹೊಸಬರೂ ಹಾರಿಸಬಲ್ಲ, ಬೇರೆ ದೇಶದವರೂ ಪರವಾನಗಿ ಪಡೆದು ತಯಾರಿಸಬಲ್ಲ ಒಂದು ಗ್ಲೈಡರ್ ಬೇಕು. ಗ್ಲೈಡ್ ರೇಶಿಯೋ ಕನಿಷ್ಠ 30 ಇದ್ದರೆ ಸಾಕು. ಒಲಿಂಪಿಕ್ಸ್‌ನ ಬಾಗಿಲು ಮತ್ತೆ ತೆರೆದೀತು ಎಂಬ ಆಸೆಯೂ ಇತ್ತು.

ಹಲವು ದೇಶಗಳಿಂದ ನಕ್ಷೆಗಳು ಬಂದವು. ಸೋಸಿ ಉಳಿದವರು ಮಾದರಿ ಕಟ್ಟಿಕೊಂಡು 1992ರಲ್ಲಿ ಜರ್ಮನಿಯ ಓರ್ಲಿಂಗ್‌ಹೌಸೆನ್‌ಗೆ ಬಂದರು. 1993ರಲ್ಲಿ ವಿಜೇತರ ಹೆಸರು ಹೊರಬಿತ್ತು: ವಾರ್ಸಾ ಪಾಲಿಟೆಕ್ನಿಕ್‌ನವರ ಪಿಡಬ್ಲ್ಯೂ-5. ರೋಮನ್ ಶ್ವಿತ್ಕೇವಿಚ್ ಮುಂದಾಳತ್ವದ ತಂಡದ ಕೆಲಸ. ಕೊತ್ಸ್ಯಾನ್ ಸೋತು ಐವತ್ತನಾಲ್ಕು ವರ್ಷಕ್ಕೆ ಅವರು ಓದಿದ ಸಂಸ್ಥೆ ಗೆದ್ದಿತು. ತಯಾರಿಕೆಗೆ ಇಳಿದದ್ದು ಪೋಲೆಂಡಿನ ಶ್ವಿಡ್ನಿಕ್‌ನ ಹೆಲಿಕಾಪ್ಟರ್ ಕಾರ್ಖಾನೆ.

ಪಿಡಬ್ಲ್ಯೂ-5ರ ಹತ್ತಿರ ಹೋಗಿ ನಿಂತರೆ ಮೊದಲು ಕಾಣುವುದು ಅದರ ಗಾತ್ರ. ರೆಕ್ಕೆಯಗಲ 13.44 ಮೀಟರ್. ಮುಂಭಾಗ ದುಂಡು, ಕಾಕ್‌ಪಿಟ್ ಹಿಂದೆ ಒಡಲು ತಟ್ಟನೆ ಸಣ್ಣಗಾಗಿ ಬಾಲಕ್ಕೆ ಸೇರುತ್ತದೆ. ಮೂಗಿನ ಕೆಳಗೆ ಒಂದು ಚಕ್ರ, ಅದರ ಹಿಂದೆ ಇನ್ನೊಂದು, ಎರಡೂ ಮಡಚುವುದಿಲ್ಲ. ಖಾಲಿ ತೂಕ 190 ಕೆ.ಜಿ. ಸುಮಾರು, ಆದ್ದರಿಂದ ರೆಕ್ಕೆ ಜೋಡಿಸುವಾಗ ಯಾರೂ ಸೊಂಟ ಹಿಡಿದುಕೊಳ್ಳುವುದಿಲ್ಲ. ಹೊರಗೆ ಎಲ್ಲೋ ಹೊಲದಲ್ಲಿ ಇಳಿದರೆ ಟ್ರೈಲರ್ ತಂದು ಬಿಚ್ಚಿ ಒಯ್ಯುವುದು ಸಲೀಸು. ನಿಧಾನವಾಗಿ ಇಳಿಯುತ್ತದೆ, ಥರ್ಮಲ್‌ನಲ್ಲಿ ಚಿಕ್ಕ ಸುತ್ತು ಹಾಕುತ್ತದೆ, ಗ್ಲೈಡ್ ರೇಶಿಯೋ 32-33. ಸ್ಪರ್ಧೆಯ ಷರತ್ತುಗಳನ್ನೆಲ್ಲ ಪೂರೈಸಿದ ಗ್ಲೈಡರ್. 1997ರಲ್ಲಿ ಟರ್ಕಿಯ ಇನೋನುವಿನಲ್ಲಿ ಮೊದಲ ವರ್ಲ್ಡ್ ಕ್ಲಾಸ್ ಚಾಂಪಿಯನ್‌ಷಿಪ್ ನಡೆಯಿತು.

ಆದರೆ ಒಟ್ಟು ತಯಾರಾದದ್ದು ಇನ್ನೂರರ ಸುಮಾರು. ಇಡೀ ಜಗತ್ತಿಗೆ ಇನ್ನೂರು! ಯಾವ ದೇಶದಲ್ಲೂ ರಾಷ್ಟ್ರೀಯ ಸ್ಪರ್ಧೆಯೊಂದು ಕಳೆಗಟ್ಟುವಷ್ಟು ಸುಲಭವಾಗಿ ಸೇರುತ್ತಿರಲಿಲ್ಲ. 2013ರ ಆರಂಭದಲ್ಲಿ ಅರ್ಜೆಂಟೀನಾದಲ್ಲಿ ಕೊನೆಯ ವಿಶ್ವ ಸ್ಪರ್ಧೆ ನಡೆಯಿತು. ಅದರ ಜಾಗಕ್ಕೆ 13.5 ಮೀಟರ್ ಕ್ಲಾಸ್ ಬಂತು. ಅಲ್ಲಿ ರೆಕ್ಕೆಯಗಲದ ಮಿತಿ ಇದೆ, ಒಂದೇ ಮಾದರಿ ಎಂಬ ಕಟ್ಟುಪಾಡಿಲ್ಲ.

ಯಾಕೆ ಹೀಗಾಯಿತು? ಚೆನ್ನಾಗಿ ಕಾಣುವುದಿಲ್ಲ, ಮಕ್ಕಳ ಆಟಿಕೆಯಂತಿದೆ ಎಂದು ಹಲವರು ಮೂಗು ಮುರಿದರು. ಅದು ಪೂರ್ತಿ ಸುಳ್ಳಲ್ಲ, ಗ್ಲೈಡರ್ ಕೊಳ್ಳುವವರಲ್ಲಿ ಅಂದಕ್ಕೆ ಸೋಲದವರು ಕಡಿಮೆ. ಆದರೆ ನಿಜವಾದ ಎದುರಾಳಿ ಬೇರೆ ಇತ್ತು. ಗ್ಲೈಡರ್‌ಗೆ ಎಂಜಿನ್ ಇಲ್ಲ, ಸವೆಯುವುದು ಕಡಿಮೆ. ಚೆನ್ನಾಗಿ ನೋಡಿಕೊಂಡರೆ ನಲವತ್ತು ಐವತ್ತು ವರ್ಷ ಹಾರುತ್ತದೆ. ಹಾಗಾಗಿ 1990ರ ದಶಕದಲ್ಲಿ ಹೊಸ ಪಿಡಬ್ಲ್ಯೂ-5 ಮಾರುಕಟ್ಟೆಗೆ ಬಂದಾಗ, 1969ರಲ್ಲಿ ಮೊದಲು ಹಾರಿದ ಸ್ಟ್ಯಾಂಡರ್ಡ್ ಸಿರಸ್‌ನಂಥ 15 ಮೀಟರ್‌ನ ಹಳೆಯ ಫೈಬರ್‌ಗ್ಲಾಸ್ ಗ್ಲೈಡರ್‌ಗಳು ನೂರಾರು ಸಂಖ್ಯೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತಿದ್ದವು. ಹೊಸ ಸ್ಕೂಟರಿನ ದುಡ್ಡಿಗೆ ಸುಸ್ಥಿತಿಯ ಹಳೆಯ ಕಾರು ಸಿಕ್ಕಿದಂತೆ.

ಎಷ್ಟು ವ್ಯತ್ಯಾಸ ಅನ್ನುವುದನ್ನು ಲೆಕ್ಕ ಹಾಕಿ ನೋಡಿ, ನೀವೆಲ್ಲ ಎಂಜಿನಿಯರುಗಳು. ಪಿಡಬ್ಲ್ಯೂ-5ರ ಗ್ಲೈಡ್ ರೇಶಿಯೋ 33, ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ. ಸಿರಸ್‌ನದು 36 ಎಂದಿಟ್ಟುಕೊಳ್ಳಿ, ಆದರೆ 95ರ ಸುಮಾರಿನ ವೇಗದಲ್ಲಿ. ನಿಶ್ಚಲ ಗಾಳಿಯಲ್ಲಿ ಅಂತರ ಮೂರೇ ಅಂಕಿ. ಈಗ ಎದುರಿನಿಂದ ಗಂಟೆಗೆ 30 ಕಿ.ಮೀ. ಗಾಳಿ ಬೀಸಲಿ. ಪಿಡಬ್ಲ್ಯೂ-5 ನೆಲದ ಮೇಲೆ ಸಾಗುವುದು 50ರ ವೇಗದಲ್ಲಿ. 33ನ್ನು 50ರಿಂದ ಗುಣಿಸಿ 80ರಿಂದ ಭಾಗಿಸಿದರೆ ಸಿಗುವುದು 20ಕ್ಕಿಂತ ತುಸು ಹೆಚ್ಚು. ಸಿರಸ್ 65ರ ವೇಗದಲ್ಲಿ ಸಾಗುತ್ತದೆ, ಅದಕ್ಕೆ 24-25 ಸಿಗುತ್ತದೆ. ಗಾಳಿಗೆದುರು ವೇಗ ಹೆಚ್ಚಿಸಿಕೊಂಡರೆ ಎರಡರ ಅಂಕಿಯೂ ಕೊಂಚ ಬದಲಾದೀತು, ಅಂತರ ಮುಚ್ಚುವುದಿಲ್ಲ. ಮುಂದಿನ ಥರ್ಮಲ್ 22 ಕಿ.ಮೀ. ದೂರದಲ್ಲಿದ್ದು ಕೈಯಲ್ಲಿ ಒಂದೇ ಕಿ.ಮೀ. ಎತ್ತರ ಉಳಿದಿದ್ದರೆ, ಒಬ್ಬ ಮುಟ್ಟುತ್ತಾನೆ, ಇನ್ನೊಬ್ಬ ಯಾರದೋ ಹೊಲದಲ್ಲಿ ಕೂತು ಟ್ರೈಲರ್‌ಗೆ ಕಾಯುತ್ತಾನೆ.

ನಿಮ್ಮಲ್ಲೊಬ್ಬರು ಈಗಾಗಲೇ ತಲೆ ಅಲ್ಲಾಡಿಸುತ್ತಿದ್ದೀರಿ, ಸರಿಯಾಗಿಯೇ. ಎಲ್ಲರೂ ಪಿಡಬ್ಲ್ಯೂ-5 ಹಾರಿಸಿದರೆ ಈ ಲೆಕ್ಕಕ್ಕೆ ಬೆಲೆಯಿಲ್ಲವಲ್ಲ? ಎಲ್ಲರಿಗೂ 20ಇರುವಾಗ ಯಾರಿಗೂ ಅನ್ಯಾಯವಿಲ್ಲ. ಒನ್-ಡಿಸೈನ್, ಅಂದರೆ ಎಲ್ಲರಿಗೂ ಒಂದೇ ವಿನ್ಯಾಸ ಎಂಬ ವಾದದ ತಿರುಳೇ ಅದು, ಸಮಿತಿಯೂ ಹಾಗೆಯೇ ಯೋಚಿಸಿತು. ತೊಡಕು ಎಲ್ಲಿದೆಯೆಂದರೆ, ವರ್ಷಕ್ಕೆ ಎರಡು ವಾರ ಸ್ಪರ್ಧೆ, ಉಳಿದ ದಿನವೆಲ್ಲ ಸ್ವಂತದ ಹಾರಾಟ. ಮನುಷ್ಯ ತನ್ನ ಉಳಿತಾಯ ಸುರಿದು ಕೊಳ್ಳುವುದು ಉಳಿದ ಆ ದಿನಗಳಿಗೆ. ಆಗ ಪಕ್ಕದಲ್ಲಿ ಹಾರುವವನು ಸಿರಸ್‌ನವನು. ಸ್ಪರ್ಧೆಯ ಆಸೆ ಇದ್ದ ಅನುಭವಿಗಳಿಗೆ ಪಿಡಬ್ಲ್ಯೂ-5 ಹಿಂದಕ್ಕೆ ಇಟ್ಟ ಹೆಜ್ಜೆಯಾಗಿ ಕಂಡಿತು. ಹೊಸಬರಿಗೆ ಅದು ಚೆನ್ನಾಗಿ ಒಗ್ಗುತ್ತಿತ್ತು, ಆದರೆ ಹೊಸಬರು ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುವುದಿಲ್ಲ. ಚಾಂಪಿಯನ್‌ಷಿಪ್ ಒಬ್ಬರಿಗೆ, ಗ್ಲೈಡರ್ ಇನ್ನೊಬ್ಬರಿಗೆ. ಪಿಡಬ್ಲ್ಯೂ-5 ಒಳ್ಳೆಯ ಗ್ಲೈಡರ್, ಕೆಟ್ಟ ಆಯ್ಕೆ ಎಂದು ನಾನು ಹೇಳುವುದು ಇದಕ್ಕೇ.

ಇಷ್ಟರಲ್ಲಿ ಹಳೆಯ ಗ್ಲೈಡರ್‌ನವರಿಗೂ ಒಂದು ಮನೆ ಸಿಕ್ಕಿತು. ಕ್ಲಬ್ ಕ್ಲಾಸ್ ಅಂತ. ಪ್ರತಿ ಮಾದರಿಗೂ ಒಂದು ಹ್ಯಾಂಡಿಕ್ಯಾಪ್ ಅಂಕ ಕೊಟ್ಟು, ಅದರಿಂದ ಫಲಿತಾಂಶ ಸರಿದೂಗಿಸುವ ಪದ್ಧತಿ. 2001ರಲ್ಲಿ ಆಸ್ಟ್ರೇಲಿಯಾದ ಗಾಲರ್‌ನಲ್ಲಿ ಇದರ ಮೊದಲ ವಿಶ್ವ ಸ್ಪರ್ಧೆ ಆಯಿತು. ಹ್ಯಾಂಡಿಕ್ಯಾಪ್ ಎಂದೂ ಪೂರ್ತಿ ನ್ಯಾಯವಲ್ಲ. ಗಾಳಿ ಜೋರಿದ್ದ ದಿನ ಒಬ್ಬನಿಗೆ ಲಾಭ, ಮಂದ ದಿನ ಇನ್ನೊಬ್ಬನಿಗೆ. ಆದರೆ ಹ್ಯಾಂಗರ್‌ನಲ್ಲಿ ಆಗಲೇ ಇರುವ ಗ್ಲೈಡರ್‌ನೊಂದಿಗೇ ಬರಬಹುದು. ಅಪೂರ್ಣ ನ್ಯಾಯಕ್ಕೆ ಜನ ಬಂದರು, ಪೂರ್ಣ ನ್ಯಾಯಕ್ಕೆ ಬರಲಿಲ್ಲ.

ಪೂರ್ಣ ನ್ಯಾಯ ಅಂದೆ, ಅದೂ ಅಷ್ಟು ಪೂರ್ಣವೇನಲ್ಲ. ಒಂದೇ ಅಚ್ಚಿನಿಂದ ತೆಗೆದ ಎರಡು ಪಿಡಬ್ಲ್ಯೂ-5 ತೆಗೆದುಕೊಳ್ಳಿ. ಒಂದರಲ್ಲಿ ಪ್ಯಾರಾಚೂಟ್ ಸೇರಿ 65 ಕೆ.ಜಿ. ತೂಗುವ ಪೈಲಟ್, ಇನ್ನೊಂದರಲ್ಲಿ 105 ಕೆ.ಜಿ. ಒಟ್ಟು ತೂಕ 255 ಮತ್ತು 295. ರೆಕ್ಕೆಯ ವಿಸ್ತೀರ್ಣ 10.16 ಚದರ ಮೀಟರ್. ವಿಂಗ್ ಲೋಡಿಂಗ್, ಅಂದರೆ ರೆಕ್ಕೆಯ ಪ್ರತಿ ಚದರ ಮೀಟರ್ ಹೊರುವ ತೂಕ, ಒಂದಕ್ಕೆ 25 ಕೆ.ಜಿ., ಇನ್ನೊಂದಕ್ಕೆ 29. ವೇಗ ಇದರ ವರ್ಗಮೂಲದಂತೆ ಏರುತ್ತದೆ, ಅಂದರೆ ಹಗುರ ಪೈಲಟ್ 80ರಲ್ಲಿ ಪಡೆಯುವ ಅದೇ ಗ್ಲೈಡ್ ರೇಶಿಯೋವನ್ನು ಭಾರದ ಪೈಲಟ್ 86ರಲ್ಲಿ ಪಡೆಯುತ್ತಾನೆ. ಥರ್ಮಲ್‌ಗಳು ಜೋರಾಗಿದ್ದ ದಿನ ಭಾರದವನು ಮುಂದೆ. ಥರ್ಮಲ್‌ಗಳು ಸಣ್ಣಗೆ, ದುರ್ಬಲವಾಗಿ ಎದ್ದ ದಿನ ಹಗುರದವನು ಬಿಗಿ ಸುತ್ತು ಹಾಕಿ ಮೇಲಿಂದ ಕೈಬೀಸುತ್ತಾನೆ. ಗ್ಲೈಡರ್ ಹಗುರವಾದಷ್ಟೂ ಪೈಲಟ್‌ನ ತೂಕದ ಪಾಲು ದೊಡ್ಡದು, ಆದ್ದರಿಂದ ಈ ಅಂತರವೂ ದೊಡ್ಡದು. ಅಗ್ಗಕ್ಕಾಗಿ ಹಗುರ ಮಾಡಿದಿರಿ, ಹಗುರಾದದ್ದಕ್ಕೆ ಸಮಾನತೆ ಹೋಯಿತು. ಹಗುರ ಪೈಲಟ್‌ಗಳಿಗೆ ಸೀಸದ ತೂಕ ಕಟ್ಟಿ ಎಲ್ಲರನ್ನೂ ಒಂದೇ ಒಟ್ಟು ತೂಕಕ್ಕೆ ತರುವ ನಿಯಮವನ್ನು ಮೊದಲ ದಿನವೇ ಬರೆಯಬೇಕು. ಇದರ ಜತೆಗೆ ರೆಕ್ಕೆ ಉಜ್ಜಿ ನುಣುಪು ಮಾಡುವುದು, ಸಂದುಗಳಿಗೆ ಟೇಪ್ ಹಚ್ಚುವುದು, ದುಬಾರಿ ಉಪಕರಣ ಹಾಕುವುದು, ಇವಕ್ಕೆ ಎಲ್ಲಿ ಗೆರೆ ಎಳೆಯಬೇಕು ಎಂಬ ಜಗಳ ಮುಗಿಯುವಂಥದ್ದಲ್ಲ.

ಇನ್ನು ಮೂರನೆಯದು, ನನ್ನ ಮೆಚ್ಚಿನದು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದ ಶ್ವೈಟ್ಸರ್ ಸಹೋದರರು, ಅರ್ನೆಸ್ಟ್, ಪಾಲ್ ಮತ್ತು ವಿಲಿಯಂ, 1954ರಲ್ಲಿ 1-26 ಎಂಬ ಗ್ಲೈಡರ್ ಹಾರಿಸಿದರು. ರೆಕ್ಕೆಯಗಲ 40 ಅಡಿ, 12.2 ಮೀಟರ್ ಅಷ್ಟೆ. ಅಲ್ಯೂಮಿನಿಯಂ ರೆಕ್ಕೆ, ಮೊದಲ ಮಾದರಿಗಳಲ್ಲಿ ಸ್ಟೀಲ್ ಕೊಳವೆಯ ಚೌಕಟ್ಟಿಗೆ ಬಟ್ಟೆ ಹೊದಿಸಿದ ಒಡಲು. ಗ್ಲೈಡ್ ರೇಶಿಯೋ 23. ಒಲಿಂಪಿಯಾಗಿಂತಲೂ ಕಡಿಮೆ! ಆದರೂ 1979ರವರೆಗೆ ಏಳುನೂರರ ಹತ್ತಿರ ತಯಾರಾದವು.

ಅವರು ಮಾಡಿದ ಜಾಣತನ ಎರಡು. ಒಂದು, ಇದನ್ನು ಕಿಟ್ ಆಗಿಯೂ ಮಾರಿದರು, ಮನೆಯ ಗ್ಯಾರೇಜಿನಲ್ಲಿ ಜೋಡಿಸಿಕೊಳ್ಳಬಹುದಿತ್ತು. ಕಟ್ಟಿದವನಿಗೆ ಅದು ಬರೀ ಸರಕಾಗಿ ಉಳಿಯಲಿಲ್ಲ. ಎರಡು, ಹೊಸಬ ತರಬೇತಿ ಮುಗಿಸಿ ಒಂಟಿಯಾಗಿ ಹಾರುವಾಗ ಎದುರಿಗಿದ್ದದ್ದೇ ಇದು, ಅಮೆರಿಕದ ಕ್ಲಬ್ಬುಗಳಲ್ಲಿ ಆಗಲೇ ಶ್ವೈಟ್ಸರ್‌ನ ತರಬೇತಿ ಗ್ಲೈಡರ್‌ಗಳಿದ್ದವು. ಮೊದಲು ಗ್ಲೈಡರ್ ಹರಡಿತು, ಆಮೇಲೆ ಹಾರಿಸುವವರು ಸಂಘ ಕಟ್ಟಿಕೊಂಡರು, ತಮ್ಮದೇ ಚಾಂಪಿಯನ್‌ಷಿಪ್ ಶುರು ಮಾಡಿದರು. ವರ್ಲ್ಡ್ ಕ್ಲಾಸ್ ಹೋದದ್ದು ಇದರ ತಿರುಗು ದಾರಿಯಲ್ಲಿ: ಮೊದಲು ಚಾಂಪಿಯನ್‌ಷಿಪ್ ಘೋಷಣೆ, ಆಮೇಲೆ ಗ್ಲೈಡರ್, ಕೊನೆಗೆ ಕೊಳ್ಳುವವರ ಹುಡುಕಾಟ.

ಇನ್ನೊಂದು ಗಮನಿಸಿ. 1-26ರಲ್ಲಿ ಎ, ಬಿ, ಸಿ, ಡಿ, ಇ ಎಂಬ ರೂಪಗಳಿವೆ. ಇಯ ಒಡಲು ಪೂರ್ತಿ ಅಲ್ಯೂಮಿನಿಯಂ, ಡಿಯ ಮೂಗು ಬೇರೆ. ಕಟ್ಟುನಿಟ್ಟಾಗಿ ನೋಡಿದರೆ ಇದು ಒಂದೇ ವಿನ್ಯಾಸವೇ ಅಲ್ಲ. ಆದರೆ ರೆಕ್ಕೆಯಗಲ ಮತ್ತು ಒಟ್ಟು ಹಾರಾಟದ ಗುಣ ಹತ್ತಿರಹತ್ತಿರ ಉಳಿದದ್ದರಿಂದ ಎಲ್ಲವೂ ಒಟ್ಟಿಗೆ ಸ್ಪರ್ಧಿಸುತ್ತವೆ. ಹಳೆಯದನ್ನು ಕೊಂಡವನು ಹೊಸ ರೂಪ ಬಂದ ದಿನ ಮೂಲೆಗುಂಪಾಗಲಿಲ್ಲ. ಈ 23ರ ಗ್ಲೈಡರ್‌ನಲ್ಲಿ 500 ಕಿ.ಮೀ. ಹಾರಿದವರಿದ್ದಾರೆ. ಅದು ಸ್ಟ್ಯಾಂಡರ್ಡ್ ಸಿರಸ್‌ನಲ್ಲಿ 500 ಹಾರಿದಂತಲ್ಲ ಎಂದು ಹಾರಿದವರಿಗೂ ಗೊತ್ತು, ನೋಡಿದವರಿಗೂ ಗೊತ್ತು. ಕಡಿಮೆ ಸಾಮರ್ಥ್ಯವೇ ಇಲ್ಲಿ ಹೆಮ್ಮೆಯ ವಿಷಯವಾಯಿತು. ಅಂಥ ಹೆಮ್ಮೆ ಸಮಿತಿಯ ಸುತ್ತೋಲೆಯಿಂದ ಹುಟ್ಟುವುದಿಲ್ಲ.

ಹಾಗಾದರೆ ನಾಳೆ ನಿಮ್ಮನ್ನು ಆಯ್ಕೆ ಸಮಿತಿಯಲ್ಲಿ ಕೂರಿಸಿದರೆ? ನಾನಾದರೆ ಹೊಸ ವಿನ್ಯಾಸ ಕೇಳುವುದಿಲ್ಲ. ಈಗಾಗಲೇ ನೂರಾರು ಸಂಖ್ಯೆಯಲ್ಲಿರುವ, ಬಿಡಿಭಾಗ ಸಿಗುವ, ಒಬ್ಬ ತಯಾರಕ ಮುಚ್ಚಿದರೂ ರಿಪೇರಿ ನಿಲ್ಲದ ಮಾದರಿಯನ್ನು ಹುಡುಕುತ್ತೇನೆ. ಒಟ್ಟು ತೂಕವನ್ನು ಸಮ ಮಾಡುವ ನಿಯಮ ಮೊದಲು ಬರೆಯುತ್ತೇನೆ. ಒಂದು ದೇಶದ ಒಂದೆರಡು ಮೈದಾನಗಳಲ್ಲಿ ಹತ್ತು ಹದಿನೈದು ಗ್ಲೈಡರ್ ಸೇರುವವರೆಗೆ ವಿಶ್ವ ಚಾಂಪಿಯನ್‌ಷಿಪ್ ಎಂಬ ಮಾತನ್ನೇ ಎತ್ತುವುದಿಲ್ಲ. ಗ್ಲೈಡ್ ರೇಶಿಯೋ ವಿಷಯದಲ್ಲಿ ನನ್ನ ಪರೀಕ್ಷೆ ಒಂದೇ: ಸ್ಪರ್ಧೆ ಇಲ್ಲದ ಭಾನುವಾರವೂ ಇದರ ಮಾಲೀಕ ಇದನ್ನೇ ಹಾರಿಸಲು ಬಯಸುತ್ತಾನೆಯೇ? 1-26ನವನು ಬಯಸಿದ, ಏಕೆಂದರೆ ಆಗ ಅವನ ಕ್ಲಬ್ಬಿನಲ್ಲಿ ಅದಕ್ಕಿಂತ ಬಹಳ ಮೇಲಿನದು ಹೆಚ್ಚು ಇರಲಿಲ್ಲ. ಪಿಡಬ್ಲ್ಯೂ-5ನವನ ಎದುರು ಮೂವತ್ತು ವರ್ಷಗಳ ಫೈಬರ್‌ಗ್ಲಾಸ್ ಸಾಲಾಗಿ ನಿಂತಿತ್ತು.

ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: 13.5 ಮೀಟರ್ ಕ್ಲಾಸ್ ಆದರೂ ವರ್ಲ್ಡ್ ಕ್ಲಾಸ್‌ನ ಆಶಯ ಉಳಿಸಿಕೊಂಡಿದೆಯೇ? ಅರ್ಧ ಉಳಿಸಿಕೊಂಡಿದೆ ಅನ್ನುತ್ತೇನೆ. 2015ರಲ್ಲಿ ಲಿಥುವೇನಿಯಾದ ಪೊಚ್ಯುನಾಯ್‌ನಲ್ಲಿ ಅದರ ಮೊದಲ ವಿಶ್ವ ಸ್ಪರ್ಧೆ ನಡೆಯಿತು, ಹಳೆಯ ಪಿಡಬ್ಲ್ಯೂ-5ನವರಿಗೂ ಅಲ್ಲಿ ಕಾನೂನಿನ ಪ್ರಕಾರ ಜಾಗವಿದೆ. ಆದರೆ ಈಗ ಲಿಥುವೇನಿಯಾದ ಮಿನಿಲ್ಯಾಕ್‌ನಂಥ ಚಿಕ್ಕ ರೆಕ್ಕೆಯ, ಫ್ಲ್ಯಾಪ್ ಇರುವ, ಮೂಗಿನಲ್ಲಿ ವಿದ್ಯುತ್ ಮೋಟಾರ್ ಅಳವಡಿಸಿದ ಗ್ಲೈಡರ್‌ಗಳು ಬಂದಿವೆ. ತಾನೇ ಮೇಲೇರುತ್ತದೆ, ಎಳೆಯುವ ವಿಮಾನ ಬೇಡ. ಬೆಲೆ ಕೇಳಿದರೆ ಅಗ್ಗದ ಕ್ಲಾಸ್ ಅನ್ನುವ ಮಾತು ಬಾಯಲ್ಲೇ ಉಳಿಯುತ್ತದೆ. ಸ್ಟ್ಯಾಂಡರ್ಡ್ ಕ್ಲಾಸ್ ಹೋದ ದಾರಿಯಲ್ಲೇ ಇದೂ ಹೊರಟಿದೆ, ಇನ್ನೂ ಬೇಗ.

ಇನ್ನೊಂದು ಪ್ರಶ್ನೆ ಒಬ್ಬ ಹುಡುಗನದು, ನಿರೀಕ್ಷಿಸಿದ್ದೇ: ಗ್ಲೈಡಿಂಗ್ ಮತ್ತೆ ಒಲಿಂಪಿಕ್ಸ್‌ಗೆ ಬರಬಹುದೇ? ಗ್ಲೈಡರ್ ಒಂದೇ ಆಗಿಬಿಟ್ಟರೆ ಬಾಗಿಲು ತೆರೆಯುತ್ತದೆ ಎಂದು ಎರಡು ಸಲವೂ ನಂಬಿದ್ದರು. ನನಗೆ ಅಡ್ಡಿ ಕಾಣುವುದು ನೋಡುಗರ ಕಡೆಯಿಂದ. ಸ್ಪರ್ಧಿಗಳು ಬೇರೆಬೇರೆ ಹೊತ್ತಿಗೆ ಹೊರಟು, ನೂರಾರು ಕಿ.ಮೀ. ಆಚೆ ಕಣ್ಮರೆಯಾಗಿ, ಸಂಜೆ ಬರುತ್ತಾರೆ. ಗೆದ್ದವರು ಯಾರೆಂದು ಕಂಪ್ಯೂಟರ್ ಹೇಳಬೇಕು. ಇದಕ್ಕೆ ಮದ್ದಾಗಿ ಎಫ್‌ಎಐ ಗ್ರ್ಯಾನ್ ಪ್ರಿ ಎಂಬ ಸರಣಿ ಮಾಡಿತು, 2005ರಲ್ಲಿ ಫ್ರಾನ್ಸ್‌ನ ಸೇಂತ್-ಓಬಾನ್‌ನಲ್ಲಿ ಮೊದಲನೆಯದು. ಎಲ್ಲರೂ ಒಂದೇ ಕ್ಷಣಕ್ಕೆ ಗೆರೆ ದಾಟುತ್ತಾರೆ, ಮೊದಲು ಬಂದವರೇ ಗೆದ್ದವರು, ಪರದೆಯ ಮೇಲೆ ಎಲ್ಲರ ಜಾಗವೂ ಆ ಕ್ಷಣವೇ ಕಾಣುತ್ತದೆ. ಅಲ್ಲಿ ಒಂದೇ ಮಾದರಿಯ ಗ್ಲೈಡರ್ ಬೇಕೆಂಬ ಕಡ್ಡಾಯವಿಲ್ಲ, ರೆಕ್ಕೆಯಗಲದ ಮಿತಿ ಮತ್ತು ತೂಕದ ಮಿತಿ ಇಟ್ಟುಕೊಂಡೇ ನಡೆಸುತ್ತಾರೆ. ಪಿಡಬ್ಲ್ಯೂ-5ಗಳು ಎಲ್ಲಿ ಹೋದವು ಎಂದೂ ಅದೇ ಹುಡುಗ ಕೇಳಿದ. ಕ್ಲಬ್ಬುಗಳಲ್ಲಿವೆ. ಮೊದಲ ಸಲ ಒಂಟಿ ಸೀಟಿಗೆ ಹತ್ತುವವರಿಗೆ ಕೊಡುತ್ತಾರೆ.